ಬೇಸ್‌ಬಾಲ್ ನೆಲ ಮತ್ತು ನನ್ನ ಹಿಮ್ಮಡಿ

ಕುಣಿಯಲಾರದವಳು ನೆಲ ಡೊಂಕು ಅಂದಳಂತೆ. ಆ ಬೇಸಿಗೆಯಲ್ಲಿ ನಮ್ಮ ಬೇಸ್‌ಬಾಲ್ ತಂಡ ಸೋತಾಗಲೆಲ್ಲ ಆಟಗಾರರು ನೆಲವನ್ನು ಬೈಯುತ್ತಿದ್ದರು. ನಿಜ ಗೊತ್ತಿದ್ದೂ ನಾನು ಈ ಗಾದೆ ನೆನೆದು ಅವರನ್ನು ಬೈಯುತ್ತಿದ್ದೆ. ಆದರೆ ಅವರು ಹೇಳಿದ್ದೇ ಸರಿ. ನೆಲ ಕೆಟ್ಟಿತ್ತು. ಕೆಡಿಸಿದವಳು ನಾನು.

ನಮ್ಮ ತಂಡ ಎಂದು ಬರೆದದ್ದು ಪ್ರೀತಿಯಿಂದಲ್ಲ, ಸಂಬಳ ಅಲ್ಲಿಂದ ಬರುತ್ತಿತ್ತು, ಅದಕ್ಕೆ. ಕಾಲೇಜು ಓದುವವರು ಬೇಸಿಗೆ ರಜೆಯಲ್ಲಿ ಸೇರಿ ಆಡುವ ತಂಡ ಅದು. ಮೈದಾನ ಸರೋವರದ ಈಚೆ ದಡದಲ್ಲಿ, ಟೋಟೆಮ್ ಲೇಕ್ ಬಡಾವಣೆಯ ಮಗಳ ಮನೆಯಿಂದ ಒಂದೇ ಬಸ್ಸು. ನೆಲ ನೋಡಿಕೊಳ್ಳಲು ಬೇಸಿಗೆಯ ಮಟ್ಟಿಗೆ ಒಬ್ಬರು ಬೇಕು ಎಂದರು. ನಾನು ಹೋದೆ. ನನಗೆ ಆಗ ಅರವತ್ತೊಂದು.

ಮಗಳು ಬಾಗಿಲಲ್ಲಿ ಅಡ್ಡ ನಿಂತಳು. "ಯವ್ವಾ, ಮನ್ಯಾಗ ನಿನಗೇನ್ ಕಡಿಮಿ ಆಗೇದ? ಈ ವಯಸ್ಸಿನ್ಯಾಗ ಮಣ್ಣ ಹೊರಾಕ ಹೊಂಟಿಯಲ್ಲ!"

"ಮಣ್ಣ ನನಗ ಬರ್ತದ. ನಿನ್ನ ಓವನ್ ಬರಾಂಗಿಲ್ಲ" ಎಂದೆ. ಅವಳಿಗೆ ಸಿಟ್ಟು ಬಂತು. ಬರಲಿ ಎಂದು ಬಸ್ಸು ಹತ್ತಿದೆ.

ಮೈದಾನದ ಮುಖ್ಯಸ್ಥನನ್ನು ನಾನು ಮೇಸ್ತ್ರಿ ಎನ್ನುತ್ತಿದ್ದೆ. ಬಿಳಿಯವನು, ಒಣಗಿದ ಮನುಷ್ಯ, ನನ್ನದೇ ವಯಸ್ಸು. ನನ್ನನ್ನು ಲೇಡಿ ಎಂದು ಕರೆಯುತ್ತಿದ್ದ. ಅವನ ಇಂಗ್ಲಿಷಿನಲ್ಲಿ ಅರ್ಧ ನನಗೆ ತಿಳಿಯುತ್ತಿತ್ತು. ಉಳಿದರ್ಧ ಬೈಗುಳ, ಅದು ಯಾವ ಭಾಷೆಯಲ್ಲಿದ್ದರೂ ತಿಳಿಯುತ್ತದೆ. ಇನ್ನು ದೊಡ್ಡ ಮಾತಿದ್ದರೆ ಕನ್ನಡದಲ್ಲಿ ತಿಳಿಸಲು ಸ್ಕೋರ್ ಬರೆಯುವಾಕೆ ಇದ್ದಳು. ಬೆಂಗಳೂರಿನವಳು, ಪಕ್ಕದ ರೆಡ್ಮಂಡ್‌ನಲ್ಲಿ ಕೆಲಸ. ಸಂಜೆ ಬಂದು ಪುಕ್ಕಟೆಯಾಗಿ ಸ್ಕೋರ್ ಬರೆಯುತ್ತಿದ್ದಳು. ಯಾಕೆ ಎಂದು ಕೇಳಿದ್ದಕ್ಕೆ "ಇಷ್ಟ ಅಜ್ಜಿ" ಎಂದಳು. ಇಷ್ಟವಂತೆ.

ಬೇಸ್‌ಬಾಲ್ ನೋಡದವರಿಗೆ ಒಂದು ಮಾತು. ಮೈದಾನದ ಬಹುಭಾಗ ಹುಲ್ಲು. ಓಡುವವರು ಮುಟ್ಟಬೇಕಾದ ನಾಲ್ಕು ಠಾಣೆಗಳ ಸುತ್ತ ಮಾತ್ರ ಕೆಂಪು ಮಣ್ಣು. ಹೊಡೆದ ಚೆಂಡು ಹೆಚ್ಚಾಗಿ ಆ ಮಣ್ಣಿನ ಮೇಲೆ ಪುಟಿದು ಬರುತ್ತದೆ. ಎರಡನೆಯ ಮತ್ತು ಮೂರನೆಯ ಠಾಣೆಯ ನಡುವೆ ನಿಂತು ಅದನ್ನು ಹಿಡಿಯುವವನನ್ನು ಶಾರ್ಟ್‌ಸ್ಟಾಪ್ ಎನ್ನುತ್ತಾರೆ. ಅಲ್ಲಿ ಚೆಂಡು ತಪ್ಪು ಪುಟಿದರೆ ಕೈಗೆ ಬರುವುದಿಲ್ಲ, ಮುಖಕ್ಕೆ ಬರುತ್ತದೆ.

ಆ ಮಣ್ಣನ್ನು ನೋಡಿದ ಮೊದಲ ದಿನವೇ ನನಗೆ ಕಣ ನೆನಪಾಗಿತ್ತು. ಊರಲ್ಲಿ ಸುಗ್ಗಿಗೆ ಮೊದಲು ಕಣ ಮಾಡಲು ನನ್ನನ್ನೇ ಕರೆಯುತ್ತಿದ್ದರು. ನೆಲ ಕೆತ್ತಬೇಕು, ನೀರು ಹೊಡೆಯಬೇಕು, ದಮ್ಮಸು ಹಾಕಿ ಬಡಿಯಬೇಕು, ಸಗಣಿ ಸಾರಿಸಬೇಕು. ಒಂದು ಜೋಳದ ಕಾಳು ಮಣ್ಣಿಗೆ ಇಳಿಯಬಾರದು, ಒಂದು ಹರಳು ಕಾಳಿಗೆ ಸೇರಬಾರದು. ನಾನು ಮಾಡಿದ ಕಣದಲ್ಲಿ ರೊಟ್ಟಿ ಹಾಕಿಕೊಂಡು ತಿನ್ನಬಹುದಿತ್ತು.

ಜೂನ್‌ನಲ್ಲಿ ಒಂದು ವಾರ ಜಿಟಿಜಿಟಿ ಮಳೆ ಹಿಡಿಯಿತು. ಬಿಟ್ಟ ಮರುದಿನ ಮಧ್ಯಾಹ್ನ ಪಂದ್ಯ. ಅಲ್ಲಿಯವರೆಗೆ ಮಣ್ಣಿನ ಕೆಲಸ ತಾನೇ ಮಾಡುತ್ತಿದ್ದ ಮೇಸ್ತ್ರಿ ಅಂದು ಬರಲಿಲ್ಲ. ಹಲ್ಲುನೋವು ಎಂದು ಫೋನ್ ಮಾಡಿ, ನೆಲ ಸಪಾಟು ಮಾಡು ಎಂದ. ಮಣ್ಣಿನ ಮೇಲೆ ಬೆರಳಿನ ಅರ್ಧ ಗೆಣ್ಣಿನಷ್ಟು ದಪ್ಪಕ್ಕೆ ಇಟ್ಟಿಗೆ ನುಚ್ಚಿನಂಥ ಸಣ್ಣ ಹರಳು ಬಿದ್ದಿತ್ತು. ಯಾರೋ ಸೋಮಾರಿ ಕೆಲಸ ಮಾಡಿ ಕಸ ಬಿಟ್ಟು ಹೋಗಿದ್ದಾನೆ ಎಂದುಕೊಂಡೆ. ಪೂರ್ತಿ ಗುಡಿಸಿ, ಕೈಗಾಡಿಯಲ್ಲಿ ತುಂಬಿ ತುಂಬಿ ಶೆಡ್ಡಿನ ಹಿಂದೆ ಸುರಿದೆ. ಆಮೇಲೆ ಹಸಿ ಮಣ್ಣಿಗೆ ರೋಲರ್ ಎಳೆದೆ, ಕಬ್ಬಿಣದ ದಮ್ಮಸಿನಿಂದ ಮೂಲೆ ಮೂಲೆ ಬಡಿದೆ. ಹನ್ನೊಂದು ಗಂಟೆಗೆ ಬಿಸಿಲು ಬಂತು. ನೆಲ ಹೊಳೆಯುತ್ತಿತ್ತು. ಸೊಂಟಕ್ಕೆ ಕೈಯಿಟ್ಟುಕೊಂಡು ನೋಡಿದೆ. ಈ ದೇಶದವರು ಇಂಥ ಕಣ ಎಲ್ಲಿ ನೋಡಿರುತ್ತಾರೆ ಎಂದುಕೊಂಡೆ. ನಿಜ, ನೋಡಿರಲಿಲ್ಲ.

ಮೂರನೆಯ ಸರದಿಯಲ್ಲಿ ಚೆಂಡು ನಮ್ಮ ಶಾರ್ಟ್‌ಸ್ಟಾಪ್ ಕಡೆಗೆ ಬಂತು. ನೆಲಕ್ಕೆ ಬಡಿದದ್ದೇ ಕಲ್ಲಿಗೆ ಬಡಿದ ಹಾಗೆ ಜಿಗಿಯಿತು. ಅವನು ಕೈಗವಸು ತಗ್ಗಿಸಿ ಹಿಡಿದು ಕಾಯುತ್ತಿದ್ದ, ಚೆಂಡು ಬಾಯಿಗೆ ಹೊಡೆಯಿತು. ಎರಡು ಮುಂದಿನ ಹಲ್ಲು ಹೋದವು. ಅವನನ್ನು ಕರೆದುಕೊಂಡು ಹೋದ ಮೇಲೆ ನಾನು ರಕ್ತದ ಮೇಲೆ ಮಣ್ಣು ಹಾಕಿದೆ.

ಅಷ್ಟರಲ್ಲಿ ಮೇಸ್ತ್ರಿ ಬಂದಿದ್ದ. ಬಗ್ಗಿ ನೆಲ ಸವರಿದ. ಬೆರಳು ಏನನ್ನೋ ಹುಡುಕುತ್ತಿದ್ದವು. ಆ ಹರಳು ಕಸವಲ್ಲ, ಚೆಂಡಿನ ವೇಗ ಹಿಡಿಯಲೆಂದೇ ಹಾಕಿದ್ದು ಎಂದು ನನಗೆ ಗೊತ್ತಾದದ್ದು ಅವನ ಬೆರಳು ನೋಡಿ. ಕೋಚ್ ಬಂದು ಅವನ ಮೇಲೆ ಕೂಗಾಡಿದ. ತಾನು ಬೆಳಿಗ್ಗೆ ಇರಲಿಲ್ಲ ಎಂದು ಮೇಸ್ತ್ರಿ ಹೇಳುವಂತಿರಲಿಲ್ಲ. ಮಳೆ, ಬಿಸಿಲು ಎಂದು ಏನೋ ಗೊಣಗಿದ. ನಾನು ಪೊರಕೆ ಹಿಡಿದು ನಿಂತಿದ್ದೆ. ಬಾಯಿ ಬಿಡಲಿಲ್ಲ. ಕೆಲಸ ಹೋಗುತ್ತದೆ ಎಂಬ ಭಯ, ಬೇರೇನಲ್ಲ.

ಅಲ್ಲಿಂದ ತಂಡ ಬಿದ್ದಿತು. ಬ್ಯಾಟು ಹಿಡಿಯಲು ಬರುತ್ತಿತ್ತು, ಎಸೆಯಲು ಬರುತ್ತಿತ್ತು. ಚೆಂಡು ನೆಲಕ್ಕೆ ಬಿದ್ದರೆ ಮಾತ್ರ ಎಲ್ಲರೂ ಮುಖ ತಿರುಗಿಸುತ್ತಿದ್ದರು. ಬೇರೆ ಊರಿನಲ್ಲಿ ಗೆದ್ದು ಬಂದು ಇಲ್ಲಿ ಸೋಲುತ್ತಿದ್ದರು. ಶಾರ್ಟ್‌ಸ್ಟಾಪ್ ಎರಡು ವಾರ ಬಿಟ್ಟು ಮರಳಿದ. ಚೆಂಡಿಗೆ ಮುಂದೆ ಬರುವವನು ಈಗ ಎರಡು ಹೆಜ್ಜೆ ಹಿಂದೆ ಹೋಗುತ್ತಿದ್ದ. ಹರಳು ಮಳೆಗೆ ಕೊಚ್ಚಿ ಹೋಗಿದೆ ಎಂದುಕೊಂಡು ಮೇಸ್ತ್ರಿ ಹೊಸ ಹರಳಿನ ನಾಲ್ಕು ಚೀಲ ತಂದು ಉದುರಿಸಿದ. ಬಡಿದ ನೆಲದ ಮೇಲೆ ಅದು ನಿಲ್ಲಲಿಲ್ಲ, ಕಾಲಿಗೆ ಜಾರಿತು. ಜುಲೈ ಬಿಸಿಲಿಗೆ ಕೆಳಗಿನ ಮಣ್ಣು ಸುಟ್ಟ ಇಟ್ಟಿಗೆಯಾಯಿತು.

ಆಗ ಲೀಗ್‌ನಿಂದ ಕಾಗದ ಬಂತು. ಕೋಚ್ ಅದನ್ನು ಶೆಡ್ಡಿನ ಬಾಗಿಲಿಗೆ ಮೊಳೆ ಹೊಡೆದು ಹಾಕಿದ, ನಾವು ಓದಲಿ ಎಂದು. ನನಗೆ ಸ್ಕೋರಿನವಳು ಓದಿದಳು.

"ಅಜ್ಜಿ, ಇನ್ನೊಂದ್ ಸಲ ನೆಲದಿಂದ ಯಾರಿಗಾದ್ರೂ ಪೆಟ್ಟಾದ್ರೆ ಇಲ್ಲಿ ಮ್ಯಾಚೇ ಇರಲ್ಲ. ಉಳಿದಿದ್ದೆಲ್ಲ ಬೇರೆ ಊರಿನ ಗ್ರೌಂಡ್‌ಗೆ ಶಿಫ್ಟ್ ಮಾಡಿ, ದಂಡ ಅಂತ ನಮ್ಮ ಗೆಲುವುಗಳನ್ನೂ ಕಡಿತ ಮಾಡ್ತಾರಂತೆ."

"ಮಾಡಿದ್ರ?"

"ಮಾಡಿದ್ರೆ ಇನ್ನೇನು, ಪ್ಲೇಆಫ್ ಆಸೆ ಬಿಡ್ಬೇಕು. ಮೊದಲ ನಾಲ್ಕು ತಂಡಕ್ಕೆ ಮಾತ್ರ ಆ ಕೊನೇ ಸುತ್ತು. ನಾವೀಗ ಕೆಳಗಿಂದ ಎರಡನೇದು." ನನ್ನ ಕಡೆ ತಿರುಗಿ ಹೇಳಿದಳು: "ನಿಮ್ಮಿಬ್ರ ಕೆಲ್ಸಾನೂ ಅಷ್ಟೇ ಅಜ್ಜಿ."

ತಂಡ ಐದು ದಿನ ಬೇರೆ ಊರುಗಳಲ್ಲಿ ಆಡಲು ಹೊರಟಿತು. ಮರುದಿನ ಮೇಸ್ತ್ರಿ ಇನ್ನೂ ಆರು ಚೀಲ ಹರಳು ಇಳಿಸಿದ. ತಪ್ಪು ಎಲ್ಲಿದೆ ಎಂದು ತಿಳಿಯದೆ ಮೇಲೆ ಮೇಲೆ ಮುಲಾಮು ಹಚ್ಚುತ್ತಿದ್ದ. ಹೇಳದಿದ್ದರೂ ಕೆಲಸ ಹೋಗುತ್ತಿತ್ತು, ಹೇಳಿದರೂ ಹೋಗುತ್ತಿತ್ತು. ಹಾಗಿದ್ದ ಮೇಲೆ ಹೇಳಿಯೇ ಹೋಗಲಿ ಎಂದು ಅವನ ತೋಳು ಹಿಡಿದು ಶೆಡ್ಡಿನ ಹಿಂದಕ್ಕೆ ಎಳೆದುಕೊಂಡು ಹೋದೆ. ನಾನು ಸುರಿದ ಗುಡ್ಡೆ ಅಲ್ಲೇ ಇತ್ತು. ಅದನ್ನು ತೋರಿಸಿದೆ, ಎದೆ ಮುಟ್ಟಿ ನನ್ನನ್ನು ತೋರಿಸಿದೆ, ದಮ್ಮಸು ಎತ್ತಿ ಬಡಿದು ತೋರಿಸಿದೆ.

ಅವನು ಬಕೆಟ್ಟು ಬೋರಲು ಹಾಕಿ ಕುಳಿತ. ಆಮೇಲೆ ಬೈಯಲು ಶುರು ಮಾಡಿದ. ಸ್ಕೋರ್ ಬೋರ್ಡಿನ ದೀಪ ನೋಡಲು ಬಂದಿದ್ದ ಸ್ಕೋರಿನವಳು ಓಡಿ ಬಂದಳು.

"ಏನಂತಾನವ?" ಎಂದೆ.

"ಅಜ್ಜಿ, ಅದನ್ನ ನಾನ್ ಹೇಳಲ್ಲ."

"ಬ್ಯಾಡ ಬಿಡು, ತಿಳೀತು. ಮುಗಿದ ಮ್ಯಾಲ ಹೇಳು ಅವಗ. ಇವತ್ತಿಂದ ನಾಕ ದಿನ ಅದಾವ. ಒಬ್ಬಾಂವಗ ಆಗೂ ಕೆಲಸ ಅಲ್ಲ ಇದು. ನೆಲ ಮಾಡಿ ಹೋಗ್ತೀನಿ, ಆಮ್ಯಾಲ ಬ್ಯಾರೆದಾರನ್ನ ಹುಡುಕ್ಕೊಳ್ಳಲಿ."

ಅವನಿಗೆ ಬೇರೆ ಆಳು ಇರಲಿಲ್ಲ. ಇಲ್ಲವಾದರೆ ಅಂದೇ ಓಡಿಸುತ್ತಿದ್ದ. ಅವನು ಒಳ್ಳೆಯವನಾಗಿದ್ದ ಎಂದು ಯಾರೂ ತಿಳಿಯುವುದು ಬೇಡ.

ಮೊದಲ ದಿನ ಮೊಳೆ ಬಡಿದ ಹಲಗೆಯನ್ನು ಸಣ್ಣ ಟ್ರ್ಯಾಕ್ಟರಿಗೆ ಕಟ್ಟಿ ಎಳೆದೆವು. ನಮ್ಮ ಕುಂಟೆ ಇದ್ದ ಹಾಗೆ. ಬಡಿದ ನೆಲಕ್ಕೆ ಹಲ್ಲು ಹತ್ತಲಿಲ್ಲ, ಹಲಗೆಯ ಮೇಲೆ ಮರಳಿನ ಚೀಲ ಹೇರಿ ಎಳೆಯಬೇಕಾಯಿತು. ಒಂದು ಅಂಗುಲ ಸಡಿಲಾಗುವ ಹೊತ್ತಿಗೆ ಸಂಜೆ. ಎರಡನೆಯ ದಿನ ನೀರು. ಇಲ್ಲಿ ಜಗಳ ಹತ್ತಿತು. ಅವನು ದಿನಾ ಬೆಳಿಗ್ಗೆ ಪೈಪು ಹಿಡಿದು ದೂಳು ಅಡಗುವಷ್ಟು ಚಿಮುಕಿಸುತ್ತಿದ್ದ, ಮಧ್ಯಾಹ್ನಕ್ಕೆ ಅದು ಆರಿ ಹೋಗುತ್ತಿತ್ತು. ನೀರು ಇಳಿಯಬೇಕು, ಬಿಟ್ಟು ಬಿಟ್ಟು ಮೂರು ಸಲ ಬಿಡಬೇಕು ಎಂದು ನಾನು. ಕೆಸರಾಗುತ್ತದೆ ಎಂದು ಅವನು. ಕಣದ ಲೆಕ್ಕ ಹಾಕಿ ಒಮ್ಮೆ ಕೆಟ್ಟಿದ್ದೆ, ಈಗ ಹೊಲದ ಲೆಕ್ಕ ಹಾಕಿದೆ. ಬಿತ್ತುವ ಹೊತ್ತಿಗೆ ಹೊಲ ಹೇಗಿರಬೇಕು? ಮೇಲೆ ಪುಡಿ, ಕೆಳಗೆ ಹಸಿ. ಅದೇ ಹದ. ಮುಷ್ಟಿಯಲ್ಲಿ ಹಿಡಿದರೆ ಉಂಡೆ ಕಟ್ಟಬೇಕು, ಬಿಟ್ಟರೆ ಒಡೆಯಬೇಕು.

ಪೈಪು ಅವನ ಕೈಯಿಂದ ಕಿತ್ತುಕೊಂಡೆ. ಅಲ್ಲಿನ ನಲ್ಲಿಗೆ ಹಿಡಿ ಇಲ್ಲ, ಚೌಕ ಬಾಯಿಯ ಸಣ್ಣ ಕೀಲಿ ಹಾಕಿ ತಿರುಗಿಸಬೇಕು. ಎರಡು ಕೀಲಿಗಳಲ್ಲಿ ಒಂದನ್ನು ಅವನು ಎಂದೋ ಕಳೆದಿದ್ದ. ಉಳಿದದ್ದನ್ನು ಅಂದಿನಿಂದ ನನ್ನ ಸೊಂಟಕ್ಕೆ ಸಿಕ್ಕಿಸಿಕೊಂಡೆ. ಪ್ಯಾಂಟು ಹಾಕಿದರೂ ಕೀಲಿ ಇಡುವ ಜಾಗ ಬದಲಾಗಲಿಲ್ಲ.

ಮೂರನೆಯ ಬೆಳಿಗ್ಗೆ ಬೂಟು ಕಳಚಿ ಬರಿಗಾಲಲ್ಲಿ ಮಣ್ಣಿಗೆ ಇಳಿದೆ. ಹಿಮ್ಮಡಿ ಊರಿ ನಿಂತರೆ ಹಸಿ ಎಷ್ಟು ಆಳದಲ್ಲಿದೆ ಎಂದು ತಿಳಿಯುತ್ತದೆ. ಮೇಸ್ತ್ರಿ ಕಿರುಚಿದ. ಬೂಟಿಲ್ಲದೆ ಕೆಲಸ ಮಾಡಿದರೆ ಅವನಿಗೆ ದಂಡವಂತೆ. ನಾನು ಕಿವಿಗೆ ಹಾಕಿಕೊಳ್ಳದೆ ನಡೆದು, ಮೊದಲನೆಯ ಠಾಣೆಯ ಬಳಿ ಒಂದು ಕಡೆ, ಶಾರ್ಟ್‌ಸ್ಟಾಪ್ ನಿಲ್ಲುವಲ್ಲಿ ಒಂದು ಕಡೆ ಗೆರೆ ಎಳೆದು "ಇಲ್ಲಿ ಒಣ" ಎಂದೆ. ಅವನು ನಂಬದೆ ಜೇಬಿನಿಂದ ಕಾರಿನ ಕೀಲಿ ತೆಗೆದು ನೆಲಕ್ಕೆ ಚುಚ್ಚುತ್ತ ಬಂದ. ಅವನ ಪರೀಕ್ಷೆ ಅದು: ಕೀಲಿ ಸಲೀಸಾಗಿ ಇಳಿಯಬೇಕು, ಹೊರಗೆ ಬಂದಾಗ ಮಣ್ಣು ಅಂಟಿರಬಾರದು. ಉಳಿದ ಕಡೆ ಇಳಿಯಿತು. ನಾನು ಗೆರೆ ಎಳೆದ ಎರಡು ಕಡೆ ಅರ್ಧಕ್ಕೇ ನಿಂತಿತು. ನನ್ನ ಪಾದ ನೋಡಿದ. ಕೀಲಿ ಒರೆಸಿ ಜೇಬಿಗೆ ಹಾಕಿಕೊಂಡ. ಶಹಭಾಸ್ ಅನ್ನಲಿಲ್ಲ, ಆದರೆ ಬೂಟಿನ ಮಾತು ಮತ್ತೆ ಎತ್ತಲಿಲ್ಲ.

ನಾಲ್ಕನೆಯ ದಿನ ಆ ಎರಡು ಕಡೆ ಮತ್ತೆ ನೀರು ಕೊಟ್ಟು, ಹಗುರ ರೋಲರ್ ಒಂದೇ ಸಲ ಎಳೆದು, ಗುಡ್ಡೆಯ ಹರಳನ್ನು ಜರಡಿ ಹಿಡಿದು ವಾಪಸ್ಸು ಹರಡಿದೆವು. ನಾನು ಹೊತ್ತು ಹಾಕಿದ್ದನ್ನು ನಾನೇ ಹೊತ್ತು ತಂದೆ. ಸೊಂಟ ಹಿಡಿಯಿತು. ಮಗಳು ಬೆನ್ನಿಗೆ ಎಣ್ಣೆ ಹಚ್ಚುತ್ತ "ಮಾಡ್ಕೊ, ಇನ್ನೂ ಮಾಡ್ಕೊ" ಎಂದು ಗುದ್ದಿದ ಹಾಗೆಯೇ ತಿಕ್ಕಿದಳು.

ತಂಡ ಮರಳಿ ಬಂದು ಆಡಿದ ಮೊದಲ ಪಂದ್ಯದಲ್ಲಿ ಚೆಂಡು ನೆಲಕ್ಕೆ ಬಡಿದು ಹೇಳಿದ ಮಾತು ಕೇಳುವ ಹಾಗೆ ಬಂತು. ಆದರೂ ಅವರು ಹೆದರಿ ಸೋತರು. ಎರಡನೆಯದರಲ್ಲಿ ಅರ್ಧ ಹೆದರಿ ಗೆದ್ದರು. ಆಮೇಲೆ ಒಂದರ ಹಿಂದೊಂದು ಗೆದ್ದರು. ಒಂದೇ ಚೆಂಡಿಗೆ ಇಬ್ಬರನ್ನು ಔಟ್ ಮಾಡುವ ಆಟ ಮತ್ತೆ ಶುರುವಾಯಿತು. ಕೆಳಗಿಂದ ಎರಡನೆಯವರು ಆಗಸ್ಟ್ ಹೊತ್ತಿಗೆ ಐದನೆಯವರಾದರು. ಕೋಚ್ ಪತ್ರಿಕೆಯವರ ಮುಂದೆ, ಎಲ್ಲ ಮನೋಬಲ, ತಾನು ಆಟಗಾರರ ಜೊತೆ ಒಂದು ಸಂಜೆ ಕೂತು ಮಾತಾಡಿದೆ, ಅಲ್ಲಿಂದ ತಿರುಗಿತು ಎಂದನಂತೆ. ಸ್ಕೋರಿನವಳು ಓದಿ ಹೇಳಿದಳು.

"ಕೂತು ಮಾತಾಡಿದ್ರ ಚೆಂಡು ನೆಟ್ಟಗ ಬರ್ತದೇನ?" ಎಂದೆ.

"ಕೋಚ್ ಅಲ್ವಾ ಅಜ್ಜಿ, ಹಂಗೇ ಹೇಳ್ಬೇಕು."

ಆ ದಿನಗಳಲ್ಲಿ ನನ್ನ ಹೊಟ್ಟೆ ಉರಿಸಿದ್ದು ಕೋಚ್ ಅಲ್ಲ, ಶಾರ್ಟ್‌ಸ್ಟಾಪ್. ಎಲ್ಲ ಆಟಗಾರರೂ ಸೂರ್ಯಕಾಂತಿ ಬೀಜ ಬಾಯಲ್ಲಿ ತುಂಬಿಕೊಂಡು ಸಿಪ್ಪೆ ಉಗಿಯುತ್ತಾರೆ. ಮೊದಲ ವಾರ ಅದನ್ನು ಗುಡಿಸುವಾಗ ನನಗೆ ವಾಕರಿಕೆ ಬಂದಿತ್ತು. ಕಂಡವರ ಎಂಜಲು ನಾನು ಊರಲ್ಲೂ ಎತ್ತಿದವಳಲ್ಲ. ಆದರೂ ಉಳಿದವರು ತಮ್ಮ ಬೆಂಚಿನ ಕೆಳಗೆ ಉಗಿಯುತ್ತಿದ್ದರು. ಇವನು ಮಾತ್ರ ನಾನು ಮಣ್ಣು ಎಳೆದು ಮುಗಿಸುವವರೆಗೆ ಕಾದು, ತನ್ನ ಜಾಗಕ್ಕೆ ನಡೆದು ಬಂದು, ನನ್ನ ಮುಖ ನೋಡುತ್ತ ಅದರ ಮೇಲೆ ಉಗಿಯುತ್ತಿದ್ದ. ದಿನಾ. ಹಲ್ಲು ಹೋದರೂ ಸೊಕ್ಕು ಹೋಗಿಲ್ಲ ಎಂದು ನಾನೂ ದಿನಾ ಶಪಿಸುತ್ತ ಗುಡಿಸಿದೆ.

ಕೊನೆಯ ಪಂದ್ಯ ನಾಲ್ಕನೆಯ ಸ್ಥಾನದಲ್ಲಿದ್ದ ತಂಡದ ಜೊತೆ, ನಮ್ಮ ಮೈದಾನದಲ್ಲೇ. ಗೆದ್ದರೆ ಪ್ಲೇಆಫ್, ಸೋತರೆ ಮನೆ. ಆ ತಂಡದವರು ಓಟಗಾರರು. ಎಸೆಯುವವನು ಕೈ ಎತ್ತುವಷ್ಟರಲ್ಲಿ ಮೊದಲನೆಯ ಠಾಣೆಯಿಂದ ಎರಡನೆಯದಕ್ಕೆ ಓಡಿ ಮುಟ್ಟುತ್ತಿದ್ದರು. ಬೆಳಿಗ್ಗೆ ಹತ್ತಕ್ಕೆ ಕೋಚ್ ಶ್ರೀಮಂತರಿರುವ ಮರ್ಸರ್ ಐಲ್ಯಾಂಡ್‌ನಿಂದ ತನ್ನ ದೊಡ್ಡ ಕಾರಿನಲ್ಲಿ ಬಂದು ಮೇಸ್ತ್ರಿಯ ಕಿವಿಯಲ್ಲಿ ಏನೋ ಹೇಳಿದ. ಮೇಸ್ತ್ರಿ ನನ್ನ ಬಳಿ ಬಂದು ಮೊದಲನೆಯ ಠಾಣೆಯ ಪಕ್ಕ ತೋರಿಸಿ, ನೀರು ಎಂದ. ಕೈಯಲ್ಲೇ ಕೆಸರು ಕಲಸಿ ತೋರಿಸಿದ. ಅವರ ಕಾಲು ಹೂತುಕೊಳ್ಳಲಿ ಎಂದು. ಈ ಆಟದಲ್ಲಿ ಹೀಗೆ ಮಾಡುವುದು ಹೊಸದಲ್ಲವಂತೆ.

ನಾನು ತಲೆ ಅಲ್ಲಾಡಿಸಿದೆ. ಕೀಲಿ ಕೊಡು ಎಂದು ಕೈ ಚಾಚಿದ.

"ಕೊಡಾಂಗಿಲ್ಲ" ಎಂದೆ. ಕನ್ನಡದಲ್ಲೇ ಎಂದೆ. ತಿಳಿಯಿತು.

ನ್ಯಾಯ ಧರ್ಮ ಎಂದು ನಾನು ಹಾಗೆ ಮಾಡಲಿಲ್ಲ. ಆ ಓಟಗಾರರು ನನಗೇನೂ ಬಂಧುಗಳಲ್ಲ. ಆದರೆ ಒಮ್ಮೆ ನನ್ನ ಕೈಯಿಂದ ಒಬ್ಬನ ಹಲ್ಲು ಹೋಗಿತ್ತು, ಗೊತ್ತಿಲ್ಲದೆ. ಇವತ್ತು ಗೊತ್ತಿದ್ದೂ ಇನ್ನೊಬ್ಬನ ಕಾಲು ಮುರಿಯಲೇ? ಆ ಕಾಗದ ಇನ್ನೂ ಶೆಡ್ಡಿನ ಬಾಗಿಲಲ್ಲಿತ್ತು. ಅದಕ್ಕಿಂತ ಹೆಚ್ಚಾಗಿ, ನಾಲ್ಕು ದಿನ ಬಗ್ಗಿ ತಂದ ಹದ ಅದು. ನಾನು ಕೆಡಿಸುವುದಿಲ್ಲ.

ನಾಳೆಯಿಂದ ಬರಬೇಡ ಎಂದ ಮೇಸ್ತ್ರಿ. ಹೂಂ ಎಂದೆ. ಕೋಚ್ ಕೆಂಪಾದ. ಆಟಗಾರರು ಕುಡಿಯಲು ಇಟ್ಟಿದ್ದ ನೀರಿನ ದೊಡ್ಡ ಕ್ಯಾನುಗಳನ್ನು ತಾನೇ ಎಳೆದು ತಂದು ಆ ಜಾಗಕ್ಕೆ ಸುರಿದ. ಎರಡು ಕ್ಯಾನು. ನಾನು ತಡೆಯಲಿಲ್ಲ. ಹದದಲ್ಲಿದ್ದ ನೆಲ ಅದನ್ನು ಕುಡಿಯಿತು. ಪಂದ್ಯ ಶುರುವಾಗುವ ಹೊತ್ತಿಗೆ ಅಲ್ಲಿ ಕೆಸರೂ ಇಲ್ಲ, ಆಟಗಾರರಿಗೆ ಕುಡಿಯಲು ನೀರೂ ಇಲ್ಲ.

ಓಟಗಾರರು ಓಡಿದರು. ಮೊದಲ ಸರದಿಯಲ್ಲೇ ಇಬ್ಬರು ಹಾಗೆ ಓಡಿ ಠಾಣೆ ಕದ್ದರು, ಎರಡು ರನ್ ಬಂದವು. ಪ್ರತಿ ಸಲವೂ ಕೋಚ್ ತಿರುಗಿ, ಬೇಲಿಯ ಹತ್ತಿರ ಕೈಕುಂಟೆ ಹಿಡಿದು ನಿಂತಿದ್ದ ನನ್ನನ್ನು ನೋಡಿದ. ನಾನೂ ಅವನನ್ನೇ ನೋಡಿದೆ. ಐದನೆಯ ಸರದಿಯಲ್ಲಿ ನಮ್ಮವರು ಸಮ ಮಾಡಿಕೊಂಡರು, ಏಳರಲ್ಲಿ ಒಂದು ರನ್ ಮುಂದೆ ಹೋದರು. ಕೊನೆಯ ಸರದಿಯಲ್ಲಿ ಆ ತಂಡದ ಇಬ್ಬರು ಔಟ್, ಇನ್ನೊಬ್ಬ ಔಟಾದರೆ ಆಟ ಮುಗಿಯಿತು. ಮೂರನೆಯ ಠಾಣೆಯಲ್ಲಿ ಒಬ್ಬ, ಎರಡನೆಯದರಲ್ಲಿ ಒಬ್ಬ ಓಡಲು ತುದಿಗಾಲಲ್ಲಿ ನಿಂತಿದ್ದರು.

ಚೆಂಡು ಶಾರ್ಟ್‌ಸ್ಟಾಪ್ ಕಡೆಗೆ ಬಂತು. ಅದೇ ಜಾಗ, ಅದೇ ವೇಗ. ಅವನು ಹಿಂದೆ ಹೋಗುತ್ತಾನೆ ಎಂದುಕೊಂಡೆ. ಮುಂದೆ ಬಂದ. ಮುಖ ತಗ್ಗಿಸಿ, ಬಾಯಿ ಚೆಂಡಿನ ದಾರಿಗೇ ಕೊಟ್ಟು ಬಂದ. ಚೆಂಡು ನೆಲ ಮುಟ್ಟಿತು. ಮೊಣಕಾಲೆತ್ತರಕ್ಕೆ ಎದ್ದು ನೇರ ಕೈಗವಸಿಗೆ ಹೋಗಿ ಕೂತಿತು. ಹೊಡೆದವನು ಓಡಿ ಮುಟ್ಟುವ ಮೊದಲೇ ಮೊದಲನೆಯ ಠಾಣೆಗೆ ಎಸೆದ. ಔಟ್.

ಅವರು ಒಬ್ಬರ ಮೇಲೊಬ್ಬರು ಬಿದ್ದು ಕುಣಿದರು. ಮಣ್ಣೆಲ್ಲ ತುಳಿದು ಹಾಳು ಮಾಡಿದರು. ಎಲ್ಲರೂ ಹೋದ ಮೇಲೆ ಕೈಕುಂಟೆ, ಪೊರಕೆ ತೆಗೆದುಕೊಂಡು ಇಳಿದೆ. ಶಾರ್ಟ್‌ಸ್ಟಾಪ್ ತನ್ನ ಕೈಗವಸು ಹುಡುಕಿಕೊಂಡು ಅದೇ ಜಾಗಕ್ಕೆ ಬಂದ. ಬಾಯಿ ತುಂಬ ಬೀಜ. ಸ್ಕೋರಿನವಳು ಪುಸ್ತಕ ಮಡಚಿಕೊಂಡು ಹೊರಟಿದ್ದಳು, ಕೂಗಿ ಕರೆದೆ.

"ಇವಗ ಹೇಳು. ಅವತ್ತ ನೆಲ ಕಲ್ಲ ಮಾಡಿದಾಕಿ ನಾ. ಇವನ ಹಲ್ಲು ಹೋಗಿದ್ದು ನನ್ನಿಂದ. ಹೇಳಿಬಿಡು."

ಹೇಳಿದಳು. ಅವನು ಸಿಪ್ಪೆ ಒಂದು ಕೆನ್ನೆಗೆ ಸರಿಸಿ ನಾಲ್ಕು ಮಾತಾಡಿದ.

"ಏನಂತಾನ?"

"ಗೊತ್ತಂತೆ ಅಜ್ಜಿ. ನೀವು ಮೇಸ್ತ್ರಿಗೆ ಹೇಳಿದ ವಾರಾನೇ ಅವರು ಇವ್ನಿಗೆ ಹೇಳಿದ್ರಂತೆ." ತಲೆ ತಗ್ಗಿಸಿ ಹೇಳಿದಳು: "ಅದಕ್ಕೇ ದಿನಾ ಉಗೀತಿದ್ನಂತೆ."

ಒಂದು ತಿಂಗಳು ನಾನು ಶಪಿಸಿದ್ದೆ. ನಾನು ಅವನ ಜಾಗದಲ್ಲಿದ್ದರೆ ಮುಖಕ್ಕೇ ಉಗಿಯುತ್ತಿದ್ದೆ. ಇವನು ನೆಲಕ್ಕೆ ಉಗಿದ.

ಅವನು ಕಾಲ ಕೆಳಗೆ ನೋಡಿದ, ಚೆಂಡು ಪುಟಿದಲ್ಲಿ. ಬೂಟಿನ ತುದಿಯಿಂದ ಒಮ್ಮೆ ಒತ್ತಿದ. ಬಾಯಲ್ಲಿದ್ದುದನ್ನು ತನ್ನ ಅಂಗೈಗೆ ಉಗಿದುಕೊಂಡ. ಎಲ್ಲಿ ಹಾಕುವುದೆಂದು ತಿಳಿಯದೆ ಎಂಜಲು ಕೈಯಲ್ಲೇ ಹಿಡಿದು ನಿಂತ. ನಾನು ಬಕೆಟ್ಟು ಮುಂದೆ ತಳ್ಳಿದೆ. ಹಾಕಿದ. ಪೊರಕೆಯನ್ನೂ ಚಾಚಿದೆ. ತೆಗೆದುಕೊಂಡು ನಾಲ್ಕು ಸಲ ಎಳೆದ. ಹರಳನ್ನೆಲ್ಲ ಹುಲ್ಲಿಗೆ ತಳ್ಳಿ ಹಾಕಿದ, ದಡ್ಡ.

"ಕೊಡಿಲ್ಲೆ" ಎಂದು ಕಿತ್ತುಕೊಂಡೆ.

ಮೇಸ್ತ್ರಿ ಶೆಡ್ಡಿಗೆ ಬೀಗ ಹಾಕುತ್ತ ಕೂಗಿದ, "ಲೇಡಿ, ನಾಳೆ ಆರಕ್ಕೆ." ಬೆಳಿಗ್ಗೆಯಷ್ಟೇ ಇನ್ನು ಬರಬೇಡ ಎಂದವನು ಅವನೇ. ನಾನೂ ನೆನಪಿಸಲಿಲ್ಲ. ನಲ್ಲಿಯ ಕೀಲಿ ಸೊಂಟದಲ್ಲೇ ಇತ್ತು.

ಪ್ಲೇಆಫ್‌ನ ಮೊದಲ ಪಂದ್ಯದಲ್ಲೇ ಸೋತರು. ಬ್ಯಾಟು ಬೀಸಲು ಬರದೆ ಸೋತರು. ನೆಲವನ್ನು ಯಾರೂ ಬೈಯಲಿಲ್ಲ.